ಸರಹದ್ದಿನಾಚೆಯ ಪಾಸು

ಸರಹದ್ದು ದಾಟಿ ಬಂದದ್ದು ಯಾವುದೂ ನಮ್ಮ ಕಡೆ ಸುಮ್ಮನೆ ಒಳಗೆ ಬರುವುದಿಲ್ಲ. ಬಟ್ಟೆ ಬಂದರೆ ಅದಕ್ಕೊಂದು ಕಥೆ, ಬೀಗರು ಬಂದರೆ ಅವರಿಗೊಂದು ಕಥೆ ಹುಟ್ಟಿಕೊಳ್ಳುತ್ತದೆ. ನಾನು ತಂದದ್ದು ಒಂದು ಬೇಸಿಗೆಯಲ್ಲಿ ಕಲಿತ ಪಾಠ ಅಷ್ಟೇ. ಅಷ್ಟಕ್ಕೇ ಏನೇನಾಯಿತೆಂದು ನೆನೆಸಿಕೊಂಡರೆ ಇವತ್ತಿಗೂ ನಗು ಬರುತ್ತದೆ. ನಗುವಿಗಿಂತ ಹೆಚ್ಚಾಗಿ ಬೆರಗಾಗುತ್ತದೆ.

ನಿಜಾಮರ ಕಾಲ. ನಾನಾಗ ಹೈದರಾಬಾದಿನಲ್ಲಿ ಓದುತ್ತಿದ್ದೆ. ಕೊನೆಯ ವರ್ಷ ವಿಷಮಜ್ವರ ಬಂದು ಭಾಲ್ಕಿಯ ಮನೆಯಲ್ಲಿ ಮಲಗಿಬಿಟ್ಟೆ. ಎದ್ದು ಮತ್ತೆ ಕಾಲೇಜಿಗೆ ಹೋಗುವಷ್ಟರಲ್ಲಿ ಗಿಡಮರಗಳ, ಜೀವಜಂತುಗಳ ಶಾಸ್ತ್ರ ಪೂರ್ತಿ ಮುಗಿದುಹೋಗಿತ್ತು. ಉಳಿದದ್ದೆಲ್ಲ ಪಾಸು, ಅದೊಂದು ಬಾಕಿ. ಆಗ ನಮ್ಮ ಗುರುಗಳೊಬ್ಬರು ದಾರಿ ತೋರಿಸಿದರು. ಸರಹದ್ದಿನಾಚೆ ಇಂಗ್ರೇಜರ ಮುಲಕಿನ ಒಂದು ವಿಶ್ವವಿದ್ಯಾಲಯದವರು ಬೇಸಿಗೆ ರಜೆಯಲ್ಲಿ ಇದೇ ಪಾಠ ಹೇಳಿಕೊಡುತ್ತಾರೆ, ಅಲ್ಲಿ ಪಾಸು ಮಾಡಿಕೊಂಡು ಬಂದು ಇಲ್ಲಿ ಜಮಾ ಮಾಡಿಸಿಕೊಂಡರಾಯಿತು ಎಂದರು. ‘ಜಮಾ ಮಾಡಿಸಿಕೊಂಡರಾಯಿತು’ ಎನ್ನುವಾಗ ಅವರು ಎಷ್ಟು ಆರಾಮಾಗಿ ಹೇಳಿದರೆಂದರೆ, ಅಂಗಳದಲ್ಲಿ ಒಣಹಾಕಿದ ಧೋತರ ಒಳಗೆ ತಂದಿಟ್ಟಷ್ಟೇ ಕೆಲಸ ಅದು ಅನ್ನಿಸಿತು.

ಇದರ ಮೇಲೆ ನಂಬಿಕೆ ಇಟ್ಟು ಕೂತವನು ನಾನೊಬ್ಬನೇ ಅಲ್ಲ. ಔರಾದ ಸಾಲಿಯ ಹೆಡ್ ಮಾಸ್ತರರು ಭಾಲ್ಕಿಗೆ ಬಂದಾಗಲೆಲ್ಲ ನಮ್ಮಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ಹೋಗುವವರು. ಅವರು ಅಪ್ಪನಿಗೆ ಹೇಳಿದ್ದರು:

“ನಿಮ್ಮ ಮಗಾ ಅದೊಂದು ಬಾಕಿ ತೀರಿಸ್ಕೊಂಡು ಬಂದ್ರ ನಮ್ಮ ಊರಾಗ ಮ್ಯಾಲಿನ ಕ್ಲಾಸು ತೆರೀತದ್ರಿ ಶೇಠಜಿ. ವಿಜ್ಞಾನ ಪಾಸಾದ ಮಾಸ್ತರ್ ಇಲ್ಲಂದ್ರ ಸರಕಾರ ಬಿಡಂಗಿಲ್ಲ. ಆ ಪಾರಗೋಳು ಓದು ಬಿಟ್ಟು ದನಾ ಕಾಯ್ಲಾಕ ಹೋಗ್ತಾವ.”

ಅಪ್ಪ ತಕ್ಕಡಿ ಕೆಳಗಿಟ್ಟು, “ತರ್ತಾನ್ರಿ. ತರದೆ ಎಲ್ಲಿಗಿ ಹೋಗ್ತಾನ?” ಎಂದುಬಿಟ್ಟ. ಒಂದು ಬೇಸಿಗೆಯ ಪಾಠಕ್ಕೆ ಒಂದು ಊರಿನ ಕ್ಲಾಸು ಜೋತುಬಿತ್ತು.

ಮೇವು

ಬೇಸಿಗೆಗೆ ಸರಹದ್ದು ದಾಟಿ ಹೋದೆ. ಅಲ್ಲಿ ಏನು ಕಲಿತೆ ಎಂದು ಹೇಳುತ್ತ ಹೋದರೆ ಇವತ್ತಿಗೆ ಮುಗಿಯುವುದಿಲ್ಲ. ಒಂದು ಮಾತು ಹೇಳುತ್ತೇನೆ. ಮೊದಲ ದಿನವೇ ಒಂದು ಹನಿ ನೀರನ್ನು ಗಾಜಿನ ಮೇಲಿಟ್ಟು, ಯಂತ್ರದ ಕೊಳವೆಯಲ್ಲಿ ನೋಡು ಎಂದರು. ನೋಡಿದೆ. ಆ ಹನಿಯೊಳಗೆ ಜೀವಗಳು ಓಡಾಡುತ್ತಿದ್ದವು. ಯಾವುದಕ್ಕೂ ಪುರುಸೊತ್ತಿರಲಿಲ್ಲ. ನಾನು ಕಣ್ಣು ತೆಗೆಯಲೇ ಇಲ್ಲ. ನನ್ನ ಹಿಂದೆ ಸರದಿಗೆ ನಿಂತವರು ಬೆನ್ನಿಗೆ ಗುದ್ದಿದ ಮೇಲೆ ಸರಿದೆ. ಇಷ್ಟು ದಿನ ನನ್ನ ಪಕ್ಕದಲ್ಲೇ ಇಷ್ಟು ದೊಡ್ಡ ಸಂಸಾರ ನಡೆಯುತ್ತಿತ್ತು, ನನಗೆ ಯಾರೂ ಹೇಳಿರಲಿಲ್ಲವಲ್ಲ ಎನ್ನುತ್ತ ಮತ್ತೆ ಸರದಿಯ ಕೊನೆಗೆ ಹೋಗಿ ನಿಂತೆ.

ಗಿಡಗಳ ಪಾಠಕ್ಕೆ ಇನ್ನೊಂದು ರೀತಿ. ಗುಡ್ಡ ಸುತ್ತಿ ಗಿಡ ಕಿತ್ತು ತಂದು, ಒಣಗಿಸಿ, ಹಾಳೆಗೆ ಅಂಟಿಸಿ, ಕೆಳಗೆ ಹೆಸರಿನ ಚೀಟಿ ಹಚ್ಚಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ನನ್ನ ಹತ್ತಿರ ಅಂಥ ಹಾಳೆಗಳ ದೊಡ್ಡ ಕಟ್ಟಾಯಿತು. ಪಾಸಾಗಿ, ಸರ್ಟಿಫಿಕೇಟು ಎದೆಗೆ ಕಟ್ಟಿಕೊಂಡು, ಆ ಗಂಟು ಎತ್ತಿನ ಗಾಡಿಗೆ ಹಾಕಿಕೊಂಡು ಸೊಲ್ಲಾಪುರದ ಕಡೆಯಿಂದ ಹೊರಟೆ.

ಸರಹದ್ದಿನಲ್ಲಿ ಕರೋಡಗಿರಿ ನಾಕಾ. ಹೊರಗಿನ ಮಾಲಿಗೆ ಸುಂಕ ಹಾಕುವ ಜಾಗ. ಅಲ್ಲಿನ ಗುಮಾಸ್ತರು ಗಂಟು ಬಿಚ್ಚಿಸಿದರು. ಒಂದೊಂದೇ ಹಾಳೆ ಎತ್ತಿ ಮೂಸಿ ನೋಡಿದರು.

“ಔಷಧಿ ಏನ್ರಿ?”

“ಅಲ್ರಿ, ಪಾಠ.”

“ಪಾಠ ಅಂತ ನಮ್ಮ ಪಟ್ಟಿದಾಗ ಮಾಲೇ ಇಲ್ಲ. ಹೆಸರು ಬರ್ದ ಗಿಡಾ ಅಂದ್ರ ಔಷಧಿ. ಸುಂಕ ಬೀಳ್ತದ.”

“ಹೆಸರು ಇಲ್ಲಂದ್ರ?”

“ಹೆಸರಿಲ್ಲದ ಒಣ ಗಿಡಾ ಅಂದ್ರ ಮೇವು. ಮೇವಿಗಿ ಮಾಫಿ.”

ಆ ವಿಂಗಡಣೆಯನ್ನು ಕೇಳಿ ನಾನು ಬೆರಗಾದೆ. ಇಡೀ ಬೇಸಿಗೆ ನಮಗೆ ಕಲಿಸಿದ್ದೂ ಅದನ್ನೇ: ಯಾವ ಗಿಡ ಯಾವ ಪಂಗಡಕ್ಕೆ ಸೇರಿದ್ದು ಅನ್ನುವುದನ್ನು. ನಮ್ಮ ಗುರುಗಳಿಗೆ ಅದಕ್ಕೆ ದಪ್ಪ ದಪ್ಪ ಪುಸ್ತಕಗಳು ಬೇಕಾಗಿದ್ದವು, ಇವರು ನಿಂತ ಕಾಲಲ್ಲೇ ಮುಗಿಸಿದರು. ಬೇರೆ ದಾರಿಯಿರಲಿಲ್ಲ. ಅಲ್ಲೇ ಕೂತು ಎಲ್ಲ ಹೆಸರಿನ ಚೀಟಿ ಕಿತ್ತು ಕಿಸೆಗೆ ಹಾಕಿಕೊಂಡೆ. ಚೀಟಿ ಬರೀ ಕಾಗದ, ಅದಕ್ಕೂ ಸುಂಕವಿಲ್ಲ. ಯಾವ ಚೀಟಿ ಯಾವ ಗಿಡದ್ದೆಂದು ಮನೆಗೆ ಹೋಗಿ ಹೊಂದಿಸಿಕೊಂಡರಾಯಿತು ಎಂದುಕೊಂಡೆ. ಹೊಂದಿಸುವುದು ಎಷ್ಟು ಕಷ್ಟ ಅಂತ ಆಮೇಲೆ ಗೊತ್ತಾಯಿತು.

ಮನಸ್ಸು ತಡೆಯದೆ ಗುಮಾಸ್ತರಿಗೆ ಒಂದು ಮಾತು ಹೇಳಿಯೇಬಿಟ್ಟೆ. “ಆದ್ರೂ ಸಾಹೇಬ್ರ, ಇದು ವಿದ್ಯಾರಿ. ವಿಶ್ವವಿದ್ಯಾಲಯದಾಗ ಕಲ್ತದ್ದು. ಇದಕ್ಕ ಮೇವು ಅನಬ್ಯಾಡ್ರಿ.”

ಅಷ್ಟರಲ್ಲಿ ನಮ್ಮ ಗಾಡಿಯ ಎಡಗಡೆಯ ಎತ್ತು ಕುತ್ತಿಗೆ ಚಾಚಿ, ಬಿಚ್ಚಿದ ಗಂಟಿನಿಂದ ಒಂದು ಹಾಳೆ ಎಳೆದುಕೊಂಡು, ಗಿಡ, ಅಂಟು, ಕಾಗದ ಸಮೇತ ಸಮಾಧಾನದಿಂದ ಮೆಲ್ಲತೊಡಗಿತು.

ಗುಮಾಸ್ತರು ಎತ್ತಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. “ನಾ ಹೇಳಿಲ್ಲೇನ್ರಿ? ಅದಕ್ಕ ಸೈತ ತಿಳೀತು.”

ಆಯಿ ಕೊಟ್ಟ ಮಾನ್ಯತೆ

ಮನೆಗೆ ಬಂದ ಮೇಲೆ ನೀರಿನ ಹನಿಯ ಸುದ್ದಿಯನ್ನು ಎಲ್ಲರಿಗೂ ಹೇಳಿದೆ. ಅಪ್ಪ ಹೂಂ ಎಂದು ಅಂಗಡಿಗೆ ಹೋದ. ನಮ್ಮ ಅಜ್ಜಿ ಮಾತ್ರ ಪೂರ್ತಿ ಕೇಳಿದಳು. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ಕಂಬಕ್ಕೆ ಒರಗಿ ಕೂತಿದ್ದಳು.

“ಖರೇನೇ ನೋಡಿದಿ?”

“ಕಣ್ಣಾರೆ ನೋಡೀನಿ ಆಯಿ.”

“ನಮ್ಮ ಬಾವಿ ನೀರಿನಾಗೂ ಇರ್ತಾವಾ?”

“ಎಲ್ಲಾ ನೀರಿನಾಗೂ ಇರ್ತಾವ.”

“ಮಕ್ಕಳು ಮರಿ?”

“ಅವೂ ಇರ್ತಾವ.”

ಆಯಿ ಮೂಲೆಯ ನೀರಿನ ಕೊಡದ ಕಡೆ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು. ನಾನು ಯಂತ್ರದ ಮುಂದೆ ನಿಂತು ಅನುಭವಿಸಿದ್ದನ್ನು ಅವಳು ಕಂಬಕ್ಕೆ ಒರಗಿ ಕೂತಲ್ಲೇ ಅನುಭವಿಸಿದಳು. ಯಾವ ಪರೀಕ್ಷೆಯೂ ಇಲ್ಲದೆ, ಯಾವ ರುಜುವಾತೂ ಕೇಳದೆ ನನ್ನ ಬೇಸಿಗೆಯ ಪಾಠವನ್ನು ಒಪ್ಪಿಕೊಂಡವಳು ಅವಳೊಬ್ಬಳೇ.

ಮರುದಿನದಿಂದ ಆಯಿ ಕೊಡಕ್ಕೆ ತಂಬಿಗೆ ಹಾಕುವ ಮುಂಚೆ ಕೊಡದ ಮೈಗೆ ಬೆರಳಿನಿಂದ ಟಕಟಕ ಎಂದು ಬಡಿಯಲು ಶುರು ಮಾಡಿದಳು. ಯಾಕೆ ಆಯಿ ಎಂದು ಕೇಳಿದೆ.

“ಸರೀಲಿ ಅಂತ. ಹೇಳದೆ ಕೇಳದೆ ಒಬ್ಬರ ಮನ್ಯಾಗ ತಂಬಿಗಿ ಹಾಕ್ಲಾಕ ಬರ್ತದೇನು?”

ಇನ್ನೂ ಬಾರದ ವರ್ಷ

ಜಮಾ ಮಾಡಿಸುವ ಅರ್ಜಿ ಜಿಲ್ಲೆಯ ದಫ್ತರದಿಂದಲೇ ಹೋಗಬೇಕು, ಅದಕ್ಕೆ ಬೀದರಿಗೆ ಹೋದೆ. ಸರಕಾರಿ ದಫ್ತರದೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ, ಕಾಲು ತಾನಾಗಿ ಬಿಟ್ಟಿತು. ಒಳಗೆ ಗೋಡೆಯ ಮಾಡದ ತುಂಬ, ನೆಲದ ತುಂಬ ಕೆಂಪು ಬಟ್ಟೆಯಲ್ಲಿ ಕಟ್ಟಿದ ಮಿಸಲುಗಳು, ಅಂದರೆ ಕಡತಗಳು. ಒಂದು ಅರ್ಜಿ ಕೊಟ್ಟರೆ ಅದಕ್ಕೆ ಮಿಸಲು ಹುಟ್ಟುತ್ತದೆ. ಆಮೇಲೆ ಅದು ತನ್ನ ಪಾಡಿಗೆ ಊರೂರು ತಿರುಗುತ್ತದೆ, ದಪ್ಪಗಾಗುತ್ತದೆ. ಅಷ್ಟು ಜನರ ಹಣೆಬರಹ ಒಂದು ಕೋಣೆಯಲ್ಲಿ ಸದ್ದಿಲ್ಲದೆ ಮಲಗಿರುವುದನ್ನು ನೋಡಿ ಕೈಮುಗಿಯಬೇಕು ಅನ್ನಿಸಿತು.

ಅಲ್ಲಿನ ಗುಮಾಸ್ತರು ಒಳ್ಳೆಯ ಮನುಷ್ಯರು. ಕೂಡಿಸಿ ನೀರು ಕೊಟ್ಟರು. ಸರ್ಟಿಫಿಕೇಟು ಓದಿ ನಿಟ್ಟುಸಿರು ಬಿಟ್ಟರು.

“ಇದರ ಮ್ಯಾಲಿನ ಸಾಲ ನೋಡೀರೇನು? ಇಂಗ್ರೇಜಿ ಸಾಲ.” ಸಾಲ ಎಂದರೆ ವರ್ಷ.

“ಹೌದ್ರಿ.”

“ನಮ್ಮ ಸರಕಾರದಾಗ ನಡೆಯೋದು ಫಸಲಿ.”

ಅದು ನನಗೂ ಗೊತ್ತಿತ್ತು. ಫಸಲಿ ಲೆಕ್ಕ ಇಂಗ್ರೇಜಿಗಿಂತ ಸುಮಾರು ಆರುನೂರು ವರ್ಷ ಹಿಂದೆ ನಡೆಯುತ್ತದೆ. ತಿಂಗಳ ಹೆಸರೂ ಬೇರೆ, ವರ್ಷ ಶುರುವಾಗುವ ದಿನವೂ ಬೇರೆ.

“ಈಗ ನಮ್ಮ ಫಸಲಿ ನೋಡ್ರಿ, ಇದರ ಮ್ಯಾಲಿನ ಸಾಲ ನೋಡ್ರಿ. ಅಂದ್ರ ನೀವು ಇನ್ನಾ ಪಾಸಾಗಿಲ್ಲ.”

“ಆಗೀನ್ರಿ. ಸರ್ಟಿಫಿಕೇಟು ನಿಮ್ಮ ಕೈಯಾಗೇ ಅದಲ್ರಿ.”

“ನನಗೂ ಗೊತ್ತದ, ನಿಮಗೂ ಗೊತ್ತದ. ಮಿಸಲಿಗಿ ಗೊತ್ತಿಲ್ಲ. ಮಿಸಲು ಫಸಲಿ ಒಂದೇ ಓದ್ತದ. ಅದರ ಲೆಕ್ಕದಾಗ ಈ ಸಾಲ ಬರ್ಲಾಕ ಇನ್ನಾ ಭಾಳ ದಿನಾ ಅದ. ಆಗ ತಂದ್ರ ಯಾರೂ ತಕರಾರು ಮಾಡಂಗಿಲ್ಲ.”

ಅವರು ಕುಹಕಕ್ಕೆ ಹೇಳಿದ್ದಲ್ಲ. ಸಮಾಧಾನ ಮಾಡಲಿಕ್ಕೆ ಹೇಳಿದ್ದು.

ಹೊರಗೆ ಬಂದು ಹಳೆಯ ಮದರಸಾದ ಹತ್ತಿರ ಕೂತೆ. ಬೀದರಿನವರಿಗೆ ಅದೊಂದು ದಿನಾ ದಾಟಿ ಹೋಗುವ ಗೋಡೆ. ಆ ದಿನ ನಾನು ತಲೆ ಎತ್ತಿ ನೋಡಿದೆ. ಅರ್ಧ ಬಿದ್ದುಹೋಗಿದ್ದರೂ ಮಿನಾರಿನ ಮೇಲೆ ನೀಲಿ ಹಂಚಿನ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸಮುದ್ರ ದಾಟಿ ಇರಾನಿನಿಂದ ಪಂಡಿತರು ಇಲ್ಲಿಗೆ ಬಂದು ಪಾಠ ಹೇಳುತ್ತಿದ್ದರಂತೆ. ಅವರು ತಮ್ಮ ಊರಲ್ಲಿ ಕಲಿತದ್ದನ್ನು ಇಲ್ಲಿ ಯಾರು ಜಮಾ ಮಾಡಿಕೊಂಡರು? ಯಾವ ಸಾಲ ಎಂದು ಯಾರು ಕೇಳಿದರು? ನನಗೆ ಅಳು ಬರುವುದರಲ್ಲಿತ್ತು. ಔರಾದ ಹೆಡ್ ಮಾಸ್ತರರಿಗೆ ಏನು ಮುಖ ತೋರಿಸಲಿ?

ಭಾಲ್ಕಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಯೋಚನೆ ಮಾಡಿ, “ನೀ ಪಾಸಾದ ದಿನಾ ನಮ್ಮ ಭಾಲ್ಕಿ ಸಂತಿ ಇತ್ತು. ಅದನ್ನ ಹೇಳು. ಸಂತಿಗಿ ಇಂಗ್ರೇಜಿ ಇಲ್ಲ, ಫಸಲಿ ಇಲ್ಲ” ಎಂದ.

ಮತ್ತೆ ಬೀದರಿಗೆ ಬಂದು ಹಾಗೆಯೇ ಹೇಳಿದೆ. ಗುಮಾಸ್ತರ ಮುಖ ಅರಳಿತು. ಸಂತೆಯೆಂದರೆ ಸರಕಾರಕ್ಕೂ ಗೊತ್ತಿದ್ದ ದಿನ, ಅದರ ವಸೂಲಿ ಫಸಲಿ ಲೆಕ್ಕದಲ್ಲಿ ಬರೆದಿಟ್ಟಿರುತ್ತಾರೆ. ಕೂಡಲೇ ಮಿಸಲಿನಲ್ಲಿ ಬರೆದುಕೊಂಡರು: ಅರ್ಜಿದಾರನು ಭಾಲ್ಕಿ ಸಂತೆಯ ದಿನ ಪಾಸಾದವನು. ಬರೆದು ಮುಗಿಸಿ ಲೇಖಣಿ ಹಾಗೇ ಹಿಡಿದುಕೊಂಡು ಕೇಳಿದರು:

“ಪಾಸು ಸಂತ್ಯಾಗ ಸಿಕ್ಕಿದ್ದಲ್ಲ ಅಂತಾನೂ ಒಂದು ಮಾತು ಸೇರಿಸ್ಲೇನ್ರಿ?”

ಅಸಲಿನ ತಪ್ಪು

ಆಮೇಲೆ ತರ್ಜುಮೆ. ಸರ್ಟಿಫಿಕೇಟು ಇದ್ದದ್ದು ಇಂಗ್ರೇಜಿಯಲ್ಲಿ, ದಫ್ತರದ ಭಾಷೆ ಉರ್ದು. ಊರ ನಡುವಿನ ಗೋಪುರ ಚೌಬಾರಾದ ಹತ್ತಿರ ಒಬ್ಬ ಮುನ್ಷಿ ಸಾಹೇಬರಿದ್ದರು. ಬಿಳಿ ಗಡ್ಡ, ಬಿಳಿ ಶೇರವಾನಿ. ಬೀದರಿನಲ್ಲಿ ಅವರಷ್ಟು ಚಂದ ಉರ್ದು ಬರೆಯುವವರು ಇನ್ನೊಬ್ಬರಿರಲಿಲ್ಲ. ಅವರು ಬರೆಯುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ನಾನೂ ನಿಂತೆ. ಜೊಂಡಿನ ಲೇಖಣಿ ಕಾಗದದ ಮೇಲೆ ಹೋಗುತ್ತಿದ್ದರೆ ಉಸಿರು ಬಿಡಲಿಕ್ಕೂ ಹೆದರಿಕೆ.

ನನ್ನ ಸರ್ಟಿಫಿಕೇಟಿನಲ್ಲಿ ಇದ್ದದ್ದು ಎರಡೇ ಸಾಲು: ಇವನು ಬೇಸಿಗೆಯ ಪಾಠಕ್ಕೆ ಬಂದಿದ್ದಾನೆ, ಪಾಸಾಗಿದ್ದಾನೆ. ಮುನ್ಷಿ ಸಾಹೇಬರು ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಇಷ್ಟೇನೇನ್ರಿ?”

“ಇಷ್ಟೇರಿ.”

“ವಿಶ್ವವಿದ್ಯಾಲಯ ಅಂದ್ರ ಸಣ್ಣ ಮಾತೇನ್ರಿ? ಅಷ್ಟು ದೊಡ್ಡವರು ಎರಡ ಸಾಲಿನಾಗ ಮಾತು ಮುಗಿಸ್ಯಾರ ಅಂತ ನಮ್ಮ ಸರಕಾರಕ್ಕ ಹ್ಯಾಂಗ ತೋರಿಸ್ಲಿ? ಅವರ ಮರ್ಯಾದಿ ಏನಾಗ್ಬೇಕು?”

ಪರರಾಜ್ಯದ ವಿಶ್ವವಿದ್ಯಾಲಯದ ಮರ್ಯಾದೆ ಕಾಪಾಡುವ ಹೊಣೆಯನ್ನು ಅವರು ತಾವೇ ಹೊತ್ತರು. ಹಾಳೆಯ ಮೇಲೆ ಹಾಳೆ ತುಂಬಿತು. ಸುಡುವ ಬಿಸಿಲನ್ನು ಲೆಕ್ಕಿಸದೆ ವಿದ್ಯೆಯ ಬಾಯಾರಿಕೆಯಿಂದ ಬಂದ ಈ ಯುವಕನು, ಎಲೆಯ ನರವನ್ನು ವೈದ್ಯನು ನಾಡಿ ಹಿಡಿದಂತೆ ಹಿಡಿದು, ಸಮುದ್ರವನ್ನು ಹನಿಯಲ್ಲಿ ಕಂಡು... ಹೀಗೆ. ಅವರು ಓದಿ ಹೇಳುತ್ತಿದ್ದರೆ ನಿಂತ ಜನ ವಾಹ್ ವಾಹ್ ಎಂದರು. ಒಬ್ಬಾತ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಯಾರಪ್ಪ ಈ ಮಹಾಶಯ ಎಂದು ನಾನೂ ಭಕ್ತಿಯಿಂದಲೇ ಕೇಳಿಸಿಕೊಂಡೆ.

ದಫ್ತರದಲ್ಲಿ ಗುಮಾಸ್ತರು ಒಂದು ಕೈಯಲ್ಲಿ ಅಸಲು, ಇನ್ನೊಂದು ಕೈಯಲ್ಲಿ ತರ್ಜುಮೆ ಹಿಡಿದು ತಾಳೆ ನೋಡಿದರು. ಅವರ ಹುಬ್ಬು ಗಂಟಾಯಿತು.

“ಎರಡೂ ಹೊಂದಂಗಿಲ್ರಿ.”

“ಮುನ್ಷಿ ಸಾಹೇಬ್ರು ತುಸು ಹೆಚ್ಚಿಗಿ ಬರ್ದಾರ್ರಿ.”

“ಮುನ್ಷಿ ಸಾಹೇಬ್ರ ಬರವಣಿಗ್ಯಾಗ ತಪ್ಪು ತೆಗೀಲಾಕ ನಾವ್ಯಾರ್ರಿ? ತಪ್ಪು ಇದ್ದದ್ದು ಅಸಲಿನಾಗ.” ಇಂಗ್ರೇಜಿ ಸರ್ಟಿಫಿಕೇಟನ್ನು ನನ್ನ ಕಡೆ ಸರಿಸಿದರು. “ಇದನ್ನ ವಾಪಸ್ ಕಳಸ್ರಿ. ತರ್ಜುಮೆ ನೋಡಿ ತಿದ್ದಿ ಕೊಡ್ಲಿ.”

ಒಬ್ಬ ಮಾಸ್ತರ್, ಒಬ್ಬ ವಿದ್ಯಾರ್ಥಿ

ಬೀದರಿನಲ್ಲಿ ಸಾಲಿಗಳ ತಪಾಸಣೆ ನೋಡಿಕೊಳ್ಳುವ ಸಾಹೇಬರೊಬ್ಬರಿದ್ದರು. ಸಂಭಾವಿತರು, ಕಾಯಿದೆಯೆಂದರೆ ಪ್ರಾಣ. ಅವರು ಮುನ್ಷಿ ಸಾಹೇಬರ ತರ್ಜುಮೆಯನ್ನು ಪೂರ್ತಿ ಓದಿ, ಅಸಲು ಎಂಬುದು ತರ್ಜುಮೆಯ ಸಾರಾಂಶ ಎಂದು ಷರಾ ಬರೆದು ನನ್ನನ್ನು ಪಾರು ಮಾಡಿದರು. ಮಿಸಲು ಹೈದರಾಬಾದಿಗೆ ಹೋಯಿತು. ಜವಾಬು ಬರುವ ತನಕ ನನ್ನನ್ನು ಹಂಗಾಮಿ ಮಾಸ್ತರನೆಂದು ಔರಾದಿಗೆ ಕಳಿಸಿದರು. ಮೇಲಿನ ಕ್ಲಾಸೂ ಹಂಗಾಮಿಯಾಗಿ ತೆರೆಯಿತು. ಮುಂದಿನ ಬೇಸಿಗೆ ಮುಗಿಯುವುದರೊಳಗೆ ನಾನು ಪೂರ್ತಿ ಪಾಸಾದವನೆಂದು ಹುಕುಂ ಬರದಿದ್ದರೆ ಕ್ಲಾಸು ಬಂದ್.

ಔರಾದಿನ ಜನ ನನ್ನ ಮೇಲೆ ಇಟ್ಟ ವಿಶ್ವಾಸ ನೋಡಿ ನಾಚಿಕೆಯಾಗುತ್ತಿತ್ತು. ಮಕ್ಕಳನ್ನು ಕರೆತಂದು ಬಿಟ್ಟವರು, “ನಮ್ಮ ಊರಿಗಿ ಮ್ಯಾಲಿನ ಕ್ಲಾಸ್ ತಂದವ್ರು ಇವರೇ” ಎಂದು ತಲೆಯ ರುಮಾಲು ಸರಿಮಾಡಿಕೊಂಡು ನಮಸ್ಕಾರ ಮಾಡುತ್ತಿದ್ದರು. ಕ್ಲಾಸು ಇನ್ನೂ ಕೂದಲೆಳೆಯಲ್ಲಿ ಜೋತಾಡುತ್ತಿದೆ ಎಂದು ಹೇಳುವ ಧೈರ್ಯ ನನಗಾಗಲಿ ಹೆಡ್ ಮಾಸ್ತರರಿಗಾಗಲಿ ಇರಲಿಲ್ಲ.

ಚಳಿಗಾಲ ಕಳೆದ ಮೇಲೆ ಒಂದು ದಿನ ಹೆಡ್ ಮಾಸ್ತರರು ಕೆಂಪು ಬಟ್ಟೆಯ ಮಿಸಲು ಹಿಡಿದುಕೊಂಡು ಬಂದರು. ಮುಖ ನೋಡಿದರೆ ಹೆದರಿದಂತೆಯೂ ಇತ್ತು, ನಗು ತಡೆದಂತೆಯೂ ಇತ್ತು.

“ನಿಮ್ಮ ಅಭಿಪ್ರಾಯ ಕೇಳ್ಯಾರ್ರಿ.”

“ಯಾವುದರ ಮ್ಯಾಲ್ರಿ?”

“ನಿಮ್ಮ ಮ್ಯಾಲೇ.”

ಆದದ್ದು ಇಷ್ಟು. ಹೈದರಾಬಾದಿನವರು ಕೇಳಿದ್ದರು: ಪರರಾಜ್ಯದ ಪಾಠ ನಮ್ಮ ಪಾಠಕ್ಕೆ ಸಮವೇ ಎಂದು ಎರಡೂ ಕಡೆ ಓದಿದ ಒಬ್ಬ ತಿಳಿವಳಿಕಸ್ತರಿಂದ ಬರೆಸಿ ಕಳಿಸಿ. ಬೀದರಿನವರು ಹುಡುಕಿದರು, ಬೀದರಿನಲ್ಲಿ ಅಂಥವರಿಲ್ಲ. ಭಾಲ್ಕಿಗೆ ಬರೆದರು. ಭಾಲ್ಕಿಯವರು, ಹೌದು, ನಮ್ಮ ಊರಿನವರೊಬ್ಬರು ಇದ್ದಾರೆ, ಸದ್ಯ ಔರಾದಿನಲ್ಲಿ ಮಾಸ್ತರ್ ಆಗಿದ್ದಾರೆ ಎಂದು ಹೆಮ್ಮೆಯಿಂದ ಬರೆದರು. ಇಡೀ ಜಿಲ್ಲೆಯಲ್ಲಿ ಎರಡೂ ಕಡೆ ಓದಿದವನು ನಾನೊಬ್ಬನೇ. ಮಿಸಲು ಎಲ್ಲ ಕಡೆ ಸುತ್ತಿ ನನ್ನ ತೊಡೆಯ ಮೇಲೆ ಬಂದು ಕೂತಿತು.

“ನನ್ನ ಬಗ್ಗಿ ನಾನೇ ಹ್ಯಾಂಗ ಬರೀಲ್ರಿ?”

“ಹುಕುಂ ಅಂದ್ರ ಹುಕುಂ. ಬರೀರಿ. ಆದ್ರ ಒಂದು ಮಾತು. ಎಲ್ಲಾ ಛಲೋ ಅಂತ ಬರೀಬ್ಯಾಡ್ರಿ, ದಫ್ತರದವ್ರಿಗಿ ಸಂಶಯ ಬರ್ತದ. ಒಂದು ಸಣ್ಣ ಕಮ್ಮಿ ಸೇರಿಸ್ರಿ. ಕೂಸಿನ ಗಲ್ಲಕ್ಕ ದೃಷ್ಟಿ ಬೊಟ್ಟು ಇಡಂಗಿಲ್ಲೇನು, ಹಂಗ.”

ಬರೆದೆ. ಎರಡೂ ಕಡೆಯ ಪಾಠ ಸಮಾನ ಎಂದು ಬರೆದೆ. ಕೊನೆಗೆ ದೃಷ್ಟಿ ಬೊಟ್ಟೆಂದು, ಅರ್ಜಿದಾರನು ಗಿಡಗಳನ್ನು ಗುರುತಿಸುವುದರಲ್ಲಿ ತುಸು ಹಿಂದೆ ಬಿದ್ದಿದ್ದಾನೆ ಎಂದೆ. ಸುಳ್ಳೇನಲ್ಲ. ನಾಕಾದಲ್ಲಿ ಕಿತ್ತ ಚೀಟಿಗಳು ಇನ್ನೂ ಒಂದು ಡಬ್ಬಿಯಲ್ಲಿ ಹಾಗೇ ಇದ್ದವು, ಗಿಡದ ಹಾಳೆಗಳು ಹಾಗೇ ಗಂಟಿನಲ್ಲಿದ್ದವು.

ಬೇಸಿಗೆ ಶುರುವಾಗುವಾಗ ಹುಕುಂ ಬಂತು. ಹೆಡ್ ಮಾಸ್ತರರು ನಿಂತುಕೊಂಡು ಗಟ್ಟಿಯಾಗಿ ಓದಿದರು. ಒಂದು, ಅಭಿಪ್ರಾಯ ಮಂಜೂರು. ಎರಡು, ಅಭಿಪ್ರಾಯ ಕೊಟ್ಟವರು ಪಾಸಾದವರಲ್ಲದಿದ್ದರೆ ಅಭಿಪ್ರಾಯ ನಿಲ್ಲುವುದಿಲ್ಲವಾದ್ದರಿಂದ, ಈ ವಿಷಯದಲ್ಲಿ ಅವರನ್ನು ತಿಳಿವಳಿಕಸ್ತರೆಂದು ಮಾನ್ಯ ಮಾಡಲಾಗಿದೆ. ನಾನು ಎದ್ದು ನಿಂತೆ. ಹೆಡ್ ಮಾಸ್ತರರು ಕೈ ಸನ್ನೆ ಮಾಡಿ ಕೂಡಿಸಿದರು. ಮೂರು, ಅರ್ಜಿದಾರನು ಗಿಡಗಳ ವಿಷಯದಲ್ಲಿ ಹಿಂದೆ ಬಿದ್ದಿರುವುದಾಗಿ ತಿಳಿದುಬಂದಿರುವುದರಿಂದ, ಈ ಬೇಸಿಗೆಯಲ್ಲಿ ಮೇಲ್ಕಂಡ ತಿಳಿವಳಿಕಸ್ತರ ಹತ್ತಿರ ಔರಾದಿನಲ್ಲಿಯೇ ಕಲಿಯತಕ್ಕದ್ದು. ಹಾಜರಿ ಇಡತಕ್ಕದ್ದು. ಕೊನೆಗೆ ತಪಾಸಣೆಯ ಸಾಹೇಬರು ಪರೀಕ್ಷೆ ಮಾಡಿ, ಪಾಸಾದರೆ ಮೇಲಿನ ಕ್ಲಾಸು ಕಾಯಂ.

ಹೆಡ್ ಮಾಸ್ತರರು ಓದಿ ಮುಗಿಸಿ ಹುಕುಮನ್ನು ಹಣೆಗೊತ್ತಿಕೊಂಡರು. “ಹೈದರಾಬಾದಿನವ್ರು ಏನ್ ತಲಿ ಓಡಿಸ್ಯಾರ್ರೀ! ಹೊರಗಿನಾವ ಒಬ್ಬಾಂವ ಬೇಕಿಲ್ಲ, ಭತ್ಯಾ ಬೇಕಿಲ್ಲ.”

ರಜೆಯಲ್ಲಿ ಊರೆಲ್ಲ ಮಾವಿನಹಣ್ಣು ತಿನ್ನುತ್ತಿದ್ದರೆ ನಾನು ಸಾಲಿಗೆ ಹೋಗುತ್ತಿದ್ದೆ. ಹೆಡ್ ಮಾಸ್ತರರದು ಒಂದೇ ಹಟ: ಮಾಸ್ತರ್ ಆದಾಗ ಕುರ್ಚಿ, ವಿದ್ಯಾರ್ಥಿ ಆದಾಗ ನೆಲದ ಮೇಲಿನ ಜಮಖಾನೆ. ಸಾಹೇಬರು ಯಾವಾಗ ಬಂದು ನಿಂತಾರೋ ಯಾರಿಗೆ ಗೊತ್ತು? ಕುರ್ಚಿಯಲ್ಲಿ ಕೂತು ನನ್ನ ಹೆಸರು ಕೂಗುವೆ. ಎದ್ದು ಬಂದು ಜಮಖಾನೆಯ ಮೇಲೆ ಕೂತು “ಹಾಜರ್” ಅನ್ನುವೆ. ಮತ್ತೆ ಕುರ್ಚಿಗೆ ಹೋಗಿ ಗುರುತು ಹಾಕುವೆ. ಒಂದು ದಿನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಮಾಸ್ತರಿಗೆ ಉತ್ತರ ಬರಲಿಲ್ಲ. ಮಾಸ್ತರ್ ಗಂಟಲು ಸರಿಮಾಡಿಕೊಂಡು, “ಅದು ಮುಂದಿನ ಪಾಠದಾಗ ಬರ್ತದ, ಸುಮ್ನ ಕೂಡು” ಎಂದು ಗದರಿಸಿದ. ವಿದ್ಯಾರ್ಥಿ ಬಾಯಿ ಮುಚ್ಚಿಕೊಂಡು ಕೂತ.

ಕಿಟಕಿಯ ಹೊರ ಕಟ್ಟೆಯ ಮೇಲೆ ಊರಿನ ಹಿರಿಯರು ಬಂದು ಕೂಡುತ್ತಿದ್ದರು. ಒಬ್ಬರು ಮೊದಲು, “ಭಾಳ ಓದಿದ್ರ ಹಿಂಗ ಆಗ್ತದ ನೋಡ್ರಿ” ಎಂದು ಮರುಗಿದರು. ಹೆಡ್ ಮಾಸ್ತರರು ಹುಕುಂ ತೋರಿಸಿದ ಮೇಲೆ ಅದೇ ಹಿರಿಯರು ಕೈಮುಗಿದು ಕೂತರು. ಪಾಪ, ವಿದ್ಯಾರ್ಥಿಯೂ ಹಸಿದಿರುತ್ತಾನೆ ಎಂದು ಮಧ್ಯಾಹ್ನಕ್ಕೆ ಎರಡು ಊಟ ಕಳಿಸಿದರು.

ಆದರೆ ಒಂದು ನಿಜ ಹೇಳಬೇಕು. ಆ ಬೇಸಿಗೆಯಲ್ಲಿ ನಾನು ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ. ಕಿತ್ತ ಚೀಟಿಗಳನ್ನು ಎದುರಿಗೆ ಹರವಿಕೊಂಡು, ಒಂದೊಂದು ಗಿಡವನ್ನೂ ಮತ್ತೆ ನೋಡಿದೆ. ಔರಾದಿನ ಹೊಲದ ಬದುವಿನಲ್ಲೇ ಅವುಗಳ ಅಣ್ಣತಮ್ಮಂದಿರು ಸಿಕ್ಕರು. ಎಲೆಯ ಅಂಚು, ನರ, ಹೂವಿನ ಎಸಳು, ಒಂದರ ಹಾಗೆ ಇನ್ನೊಂದಿಲ್ಲ. ಕಟ್ಟೆಯ ಮೇಲಿನ ಹಿರಿಯರಿಗೂ ಗಾಜು ಹಿಡಿದು ಬೇವಿನ ಎಲೆ ತೋರಿಸಿದೆ. ಅವರು, “ಇಷ್ಟು ದಿನಾ ಇದರ ನೆಳ್ಳಾಗೇ ಕೂತೀವಿ, ಒಮ್ಮಿಯಾರ ನೋಡಿಲ್ಲಲ್ರೀ” ಎಂದರು. ನನ್ನ ಕಣ್ಣು ಒದ್ದೆಯಾಯಿತು. ಎಲ್ಲ ಚೀಟಿಗಳೂ ತಮ್ಮ ತಮ್ಮ ಗಿಡಕ್ಕೆ ಸೇರಿದವು. ಎತ್ತು ತಿಂದದ್ದರ ಚೀಟಿಯೊಂದು ಮಾತ್ರ ಉಳಿಯಿತು.

ಬೇಸಿಗೆಯ ಕೊನೆಗೆ ಸಾಹೇಬರು ಬಂದರು. ಅವರು ಮಾತಾಡುವುದು ದಖನಿ ಉರ್ದುವಿನಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಊರಿಗೆ ಊರೇ ಸಾಲಿಯ ಮುಂದೆ ನಿಂತಿತ್ತು. ಈಗ ಎಲ್ಲರಿಗೂ ವಿಷಯ ಗೊತ್ತು: ಇವನು ಪಾಸಾದರೆ ಕ್ಲಾಸು ಉಳಿಯುತ್ತದೆ. ಹೆಡ್ ಮಾಸ್ತರರು ಬಾಯೊಳಗೇ ಬಸವಾ ಬಸವಾ ಅನ್ನುತ್ತಿದ್ದರು. ಸಾಹೇಬರು ಕುರ್ಚಿಯಲ್ಲಿ ಕೂತು ಹಾಜರಿ ನೋಡಿ ತಲೆದೂಗಿದರು. ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದರು:

“ಮಾಸ್ತರ್ ಸಾಹೇಬ್ರ, ಪರೀಕ್ಷಾ ನಡೆಯುವಾಗ ಕಲಿಸಿದವ್ರು ಒಳಗ ಇರಬಾರ್ದು ಅಂತ ಕಾಯಿದಿ ಅದ. ತುಸು ಹೊರಗ ನಿಂದರ್ತೀರೇನ್ರಿ?”

ಹೊರಗೆ ಹೋಗಿ ನಿಂತೆ. ಒಳಗಿನಿಂದ ನನ್ನ ಹೆಸರು ಕೂಗಿದರು. ಒಳಗೆ ಬಂದೆ.

“ಕೂಡು,” ಎಂದು ಜಮಖಾನೆ ತೋರಿಸಿದರು. ಕೂತೆ.

ಹೆಸರಿನ ಚೀಟಿಯನ್ನು ಕೈಯಿಂದ ಮುಚ್ಚಿ ಗಿಡಗಳನ್ನು ಒಂದೊಂದಾಗಿ ತೋರಿಸುತ್ತ ಹೋದರು. ಎಲ್ಲಕ್ಕೂ ಹೆಸರು ಹೇಳಿದೆ, ಪಂಗಡ ಹೇಳಿದೆ. ಒಂದಕ್ಕೂ ತಡವರಿಸಲಿಲ್ಲ. ಸಾಹೇಬರು ಲೇಖಣಿ ಅದ್ದಿ, ಮಿಸಲಿನ ಮೇಲೆ ದೊಡ್ಡದಾಗಿ ‘ಪಾಸು, ಮೇಲಿನ ಕ್ಲಾಸು ಕಾಯಂ’ ಎಂದು ಬರೆದು ರುಜು ಹಾಕಿದರು. ಕಿಟಕಿಯಲ್ಲಿ ಇಣುಕುತ್ತಿದ್ದ ಹೆಡ್ ಮಾಸ್ತರರ ಗಂಟಲಿನಿಂದ ಅಳುವೋ ನಗುವೋ ಏನೋ ಒಂದು ಸದ್ದು ಬಂತು.

ನಾನು ಏಳುವಷ್ಟರಲ್ಲಿ ಸಾಹೇಬರು ಬಾಗಿಲ ಕಡೆ ನೋಡಿ, ಮುಂದಕ್ಕೆ ಬಗ್ಗಿ, ದನಿ ಇಳಿಸಿದರು.

“ಇನ್ನೊಂದು ಮಾತು. ಹೆದರಬ್ಯಾಡ, ಮಾಸ್ತರ್ ಹೊರಗ ನಿಂತಾರ, ಅವರಿಗಿ ಕೇಳಸಂಗಿಲ್ಲ. ಖರೇ ಹೇಳು. ಹೊತ್ತಿಗಿ ಸರಿ ಬರ್ತಾರೇನು? ಬಡಿತಾರೇನು? ಪಾಠ ಮನಸಿಟ್ಟು ಹೇಳ್ತಾರೋ ಇಲ್ಲೋ?”

ನಾನೂ ಬಾಗಿಲ ಕಡೆ ನೋಡಿದೆ. “ಭಾಳ ಛಲೋ ಮನುಷ್ಯಾರ್ರಿ,” ಎಂದೆ ಸಣ್ಣ ದನಿಯಲ್ಲಿ.

“ಏನೂ ಕಮ್ಮಿ ಇಲ್ಲ?”

“ಏನೂ ಇಲ್ರಿ.”

“ಆತು. ನೀ ಹೋಗು. ಮಾಸ್ತರ್ ಸಾಹೇಬ್ರಿಗಿ ಒಳಗ ಕಳಸು.”

ಹೊರಗೆ ಹೋದೆ. ಹೆಡ್ ಮಾಸ್ತರರು ಬಂದು ತಬ್ಬಿಕೊಂಡರು. ಬಿಡಿಸಿಕೊಂಡು, ರುಮಾಲು ಸರಿಮಾಡಿಕೊಂಡು ಮತ್ತೆ ಒಳಗೆ ಬಂದೆ. ಸಾಹೇಬರು ಕುರ್ಚಿಯಿಂದ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು.

“ಮುಬಾರಕ್ ಮಾಸ್ತರ್ ಸಾಹೇಬ್ರ. ನಿಮ್ಮ ಹುಡುಗ ಪಾಸಾದ. ನಾ ಎಷ್ಟು ಕೆದಕಿ ಕೇಳಿದ್ರೂ ನಿಮ್ಮ ಮ್ಯಾಲ ಒಂದು ಚಾಡಿ ಹೇಳ್ಲಿಲ್ರಿ. ಈಗಿನ ಕಾಲದಾಗ ಇಂಥ ಶಿಷ್ಯ ಎಲ್ಲಿ ಸಿಗ್ತಾನ?”